ಸಂಜೆ ಏಳರ ವೇಬಿಲ್: ಒಂದು ಡಿಮೆನ್ಷಿಯಾ ಆರೈಕೆ ಕೇಂದ್ರದ ವಿಮರ್ಶೆ

ಬೆಂಗಳೂರಿನ ಉತ್ತರ ಭಾಗದಲ್ಲಿರುವ, 32 ಹಾಸಿಗೆಗಳ ಒಂದು ಖಾಸಗಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಆರೈಕೆ ಕೇಂದ್ರಕ್ಕೆ ನಮ್ಮ ತಂದೆಯವರು ಮೊದಲು ನಾಲ್ಕು ತಿಂಗಳು ಹಗಲು ಹೊತ್ತಿನ ಆರೈಕೆಗೆಂದು ಹೋಗಿಬರುತ್ತಿದ್ದರು. ಕಳೆದ ಹದಿನಾಲ್ಕು ತಿಂಗಳಿನಿಂದ ಅಲ್ಲಿಯೇ ವಾಸವಾಗಿದ್ದಾರೆ. ಈ ಹದಿನೆಂಟು ತಿಂಗಳಲ್ಲಿ ಕಂಡದ್ದನ್ನು, ಇಂಥ ಕೇಂದ್ರವನ್ನು ಹುಡುಕುತ್ತಿರುವ ಬೇರೆ ಮನೆಗಳವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವ ಬರಹವಿದು. ಅಪ್ಪ ಇನ್ನೂ ಅವರ ಕೈಯಲ್ಲಿದ್ದಾರೆ. ಮೇಲಾಗಿ ಆ ದೂರುಗಳಲ್ಲಿ ಬಹುಪಾಲು ಈ ಊರಿನ ಯಾವ ಕೇಂದ್ರದಲ್ಲಾದರೂ ಎದುರಾಗಬಹುದಾದಂಥವು.

ಅವರ ಕರಪತ್ರದಲ್ಲಿ ‘ವ್ಯಕ್ತಿಗತ ಆರೈಕೆ’ ಎಂಬ ಮಾತು ಐದು ಸಲ ಬರುತ್ತದೆ. ಪುಟ್ಟ ಕೈತೋಟ, ಸಂಜೆಯ ಭಜನೆ, ಫಿಸಿಯೊಥೆರಪಿ ಕೋಣೆ, ಮೂಲೆ ಮೂಲೆಗೂ ಸಿಸಿಟಿವಿ ಇವೆಲ್ಲ ನಾವು ನೋಡಿದ ನಾಲ್ಕೂ ಕಡೆಗಳಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿದ್ದವು. ಆದ್ದರಿಂದ ಇಲ್ಲಿ ನಾನು ತೂಗಿನೋಡುವುದು ಆ ಒಂದು ಮಾತನ್ನೇ: ಒಬ್ಬ ಮನುಷ್ಯನನ್ನು ಅರಿತು ಅವನಿಗೆ ತಕ್ಕಂತೆ ನೋಡಿಕೊಳ್ಳುತ್ತೇವೆ ಎಂದು ಹೇಳಿ ತಿಂಗಳಿಗೆ 62,000 ರೂಪಾಯಿ ಪಡೆಯುವವರು, ಆ ಅರಿವನ್ನು ಎಲ್ಲಿ ಇಟ್ಟುಕೊಂಡಿರುತ್ತಾರೆ ಎಂಬುದನ್ನು.

ಅಪ್ಪ 1972ರಿಂದ 2005ರವರೆಗೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹಾಸನ ಡಿಪೊ, ಹೆಚ್ಚಿನ ವರ್ಷಗಳಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವ ಮಾರ್ಗ. ಬಾಳ್ಳುಪೇಟೆ, ಸಕಲೇಶಪುರ, ಮಾರನಹಳ್ಳಿ, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ ಎಂದು ನಿಲುಗಡೆಗಳನ್ನು ಅವರು ಇವತ್ತಿಗೂ ಸಾಲಾಗಿ ಹೇಳುತ್ತಾರೆ, ಆದರೆ ಬೆಳಿಗ್ಗೆ ತಿಂಡಿಯಾಯಿತೇ ಎಂದು ಕೇಳಿದರೆ ಉತ್ತರವಿಲ್ಲ. ಮರೆವು ಕಾಣಿಸಿಕೊಂಡದ್ದು 2019ರ ಸುಮಾರಿಗೆ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮ ಮನೆಯಲ್ಲಿ ಎರಡು ವರ್ಷಗಳನ್ನು ನುಂಗಿಹಾಕಿತು. ವಯಸ್ಸಾದವರು ಮರೆಯುವುದು ಸಹಜವೆಂದು ಎಲ್ಲರೂ ಸುಮ್ಮನಿದ್ದೆವು. ಕೊನೆಗೆ ಪೇಟೆಗೆ ಹೋದವರು ತಮ್ಮದೇ ಬೀದಿಯಲ್ಲಿ ಮನೆ ಯಾವುದೆಂದು ತಿಳಿಯದೆ ಕಟ್ಟೆಯ ಮೇಲೆ ಕುಳಿತುಬಿಟ್ಟ ಮೇಲೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ಮೊದಲು ರಕ್ತದಲ್ಲಿ ಬಿ12 ಮತ್ತು ಥೈರಾಯ್ಡ್ ನೋಡಿದರು, ಏಕೆಂದರೆ ಅವುಗಳ ಕೊರತೆಯಿಂದ ಬರುವ ಮರೆವು ಚಿಕಿತ್ಸೆಗೆ ಬಗ್ಗುತ್ತದೆ. ಎರಡೂ ಸರಿಯಾಗಿದ್ದುದರಿಂದ ಎಂಆರ್‌ಐ ಮಾಡಿಸಿ, ಆಲ್ಝೈಮರ್ ಮತ್ತು ರಕ್ತನಾಳಗಳ ತೊಂದರೆ ಎರಡೂ ಕೂಡಿಕೊಂಡ ಡಿಮೆನ್ಷಿಯಾ ಎಂದು ಹೇಳಿದರು.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಇವರಲ್ಲಿ ಬಹಳಷ್ಟು ಮಂದಿಯನ್ನು ನೋಡಿಕೊಳ್ಳುವುದು ಮನೆಯ ಹೆಂಗಸರೇ. ನಮ್ಮಲ್ಲಿಯೂ ಅಮ್ಮನೇ ನೋಡಿಕೊಂಡಳು, ಅವಳ ಮಂಡಿ ಕೈಕೊಡುವವರೆಗೆ. ಆಮೇಲೆ ಏಜೆನ್ಸಿಯೊಂದರ ಮೂಲಕ 24 ಗಂಟೆಯ ಅಟೆಂಡರ್‌ನನ್ನು ಮನೆಯಲ್ಲಿಟ್ಟುಕೊಂಡೆವು. ಹನ್ನೊಂದು ತಿಂಗಳಲ್ಲಿ ಏಳು ಮಂದಿ ಬದಲಾದರು. ಪ್ರತಿಯೊಬ್ಬರಿಗೂ ಅಮ್ಮ ಮೊದಲಿನಿಂದ ಎಲ್ಲವನ್ನೂ ಹೇಳಿಕೊಡಬೇಕಿತ್ತು, ಮತ್ತು ಹೇಳಿಕೊಡುವಷ್ಟರಲ್ಲಿ ಅವರು ಊರಿಗೆ ಹೊರಟಿರುತ್ತಿದ್ದರು. ಕೇಂದ್ರಕ್ಕೆ ಸೇರಿಸಲು ಒಪ್ಪಿಕೊಂಡದ್ದು ಮುಖ್ಯವಾಗಿ ಈ ಕಾಟಕ್ಕೆ. ಅಲ್ಲಿ ಒಬ್ಬರು ಬಿಟ್ಟರೂ ಸಂಸ್ಥೆಗೆ ನೆನಪಿರುತ್ತದೆ ಎಂಬ ನಂಬಿಕೆಯಿಂದ.

ಆ ನೆನಪಿನ ಮೊದಲ ಕುರುಹು ಹನ್ನೊಂದು ಪುಟಗಳ ಒಂದು ಅರ್ಜಿ. ಹುಟ್ಟಿದ ಊರು, ಕಸುಬು, ಎಡಗೈಯೋ ಬಲಗೈಯೋ, ಸ್ನಾನ ತಿಂಡಿಗೆ ಮೊದಲೋ ಆಮೇಲೋ, ಯಾವ ದೇವರು, ಯಾವ ಸದ್ದಿಗೆ ಭಯ, ಏನೆಂದು ಕರೆದರೆ ತಿರುಗಿ ನೋಡುತ್ತಾರೆ, ಸಿಟ್ಟು ಬಂದಾಗ ಹೆಂಡತಿ ಏನು ಮಾಡುತ್ತಿದ್ದರು ಎಂದೆಲ್ಲ ಕೇಳಿದ್ದರು. ಅದನ್ನು ತುಂಬಲು ಅಮ್ಮನಿಗೂ ನನಗೂ ಮೂರು ಸಂಜೆಗಳು ಬೇಕಾದವು, ಮತ್ತು ಎರಡನೆಯ ಸಂಜೆ ಅಮ್ಮ, ಐವತ್ತು ವರ್ಷ ಸಂಸಾರ ಮಾಡಿದರೂ ಇಷ್ಟು ವಿಷಯ ಯಾರೂ ನನ್ನನ್ನು ಕೇಳಿರಲಿಲ್ಲ ಎಂದಳು. ಈ ಬಗೆಯ ಆರೈಕೆಯ ಬೇರು ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಕಿಟ್‌ವುಡ್ ಅವರ ಚಿಂತನೆಯಲ್ಲಿದೆ. ಡಿಮೆನ್ಷಿಯಾ ಇರುವವರ ಸ್ಥಿತಿಯನ್ನು ಮಿದುಳಿನ ಹಾನಿಯೊಂದೇ ನಿರ್ಧರಿಸುವುದಿಲ್ಲ, ಸುತ್ತಲಿನವರು ನಡೆದುಕೊಳ್ಳುವ ರೀತಿಯೂ ಅವರನ್ನು ಎತ್ತುತ್ತದೆ ಅಥವಾ ಕುಗ್ಗಿಸುತ್ತದೆ ಎಂದು ಅವರು 1990ರ ದಶಕದಲ್ಲಿ ವಾದಿಸಿದರು. ಮಗುವಿನಂತೆ ಮಾತಾಡಿಸುವುದು, ಎದುರಿಗಿದ್ದರೂ ಇಲ್ಲದವರಂತೆ ಕಾಣುವುದು, ಅವಸರಪಡಿಸುವುದು, ವಂಚಿಸುವುದು ಇವನ್ನೆಲ್ಲ ಹಾನಿಯ ಪಟ್ಟಿಗೆ ಸೇರಿಸಿದರು.

ಮೊದಲ ತಿಂಗಳುಗಳಲ್ಲಿ ಆ ಅರ್ಜಿ ನಿಜಕ್ಕೂ ಕೆಲಸ ಮಾಡಿತು ಎಂದು ಧಾರಾಳವಾಗಿ ಹೇಳಬಲ್ಲೆ. ಮೊದಲ ವಾರ ಎಲ್ಲರೂ ಅಪ್ಪನನ್ನು ‘ತಾತ’ ಎನ್ನುತ್ತಿದ್ದರು, ಅವರು ಓಗೊಡುತ್ತಲೇ ಇರಲಿಲ್ಲ. ನಮ್ಮ ಅರ್ಜಿಯ ನಾಲ್ಕನೆಯ ಪುಟವನ್ನು ಯಾರೋ ಓದಿ ‘ಕಂಡಕ್ಟರ್ ಸಾರ್’ ಎಂದು ಕರೆದ ದಿನ ತಲೆಯೆತ್ತಿ ‘ಎಲ್ಲಿಗೆ?’ ಎಂದರಂತೆ. ಮೂವತ್ತು ವರ್ಷ ನಸುಕಿನ ಮೊದಲ ಬಸ್ಸಿಗೆ ಹೊರಟವರಾದ್ದರಿಂದ ಅವರು ನಾಲ್ಕು ಗಂಟೆಗೇ ಎದ್ದು ಕೂರುತ್ತಾರೆ. ಮನೆಯಲ್ಲಿ ಏಜೆನ್ಸಿಯ ಅಟೆಂಡರ್‌ಗಳು ಇದನ್ನು ನಿದ್ರೆಯ ಕಾಯಿಲೆ ಎಂದುಕೊಂಡು ಮತ್ತೆ ಮಲಗಿಸಲು ಜಗ್ಗಾಡುತ್ತಿದ್ದರು. ಇಲ್ಲಿ ರಾತ್ರಿ ಪಾಳಿಯವರು ದೀಪ ಹಾಕಿ, ಮುಖ ತೊಳೆಸಿ, ಸ್ಟೀಲಿನ ಲೋಟದಲ್ಲಿ ಅರ್ಧ ಕಾಫಿ ಕೊಟ್ಟು, ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂರಿಸುತ್ತಾರೆ. ಗಡ್ಡವನ್ನೂ ಆಗಲೇ ಹೆರೆಯುತ್ತಾರೆ. ಇದಕ್ಕೆ ಯಾವ ಹೆಚ್ಚಿನ ಖರ್ಚೂ ಇಲ್ಲ. ಆದರೆ ಕಚೇರಿಯ ವೇಳಾಪಟ್ಟಿ ಆರು ಗಂಟೆಗೆ ಎಬ್ಬಿಸಬೇಕೆಂದು ಹೇಳುವ ಕಡೆ ಒಬ್ಬರಿಗಾಗಿ ನಾಲ್ಕಕ್ಕೆ ಕಾಫಿ ಕಾಯಿಸುವುದು ಸುಲಭದ ಮಾತಲ್ಲ, ಮತ್ತು ಈ ಒಂದು ವಿಷಯದಲ್ಲಿ ಅವರು ಇವತ್ತಿನವರೆಗೂ ತಪ್ಪಿಲ್ಲ.

ಸಂಜೆಯದು ಬೇರೆಯೇ ಕಥೆ. ಡಿಮೆನ್ಷಿಯಾ ಇರುವ ಅನೇಕರಿಗೆ ಹೊತ್ತು ಇಳಿಯುತ್ತಿದ್ದಂತೆ ತಳಮಳ ಏರುತ್ತದೆ. ಹಗಲು ರಾತ್ರಿಗಳನ್ನು ಗುರುತಿಸುವ ಮಿದುಳಿನ ಗಡಿಯಾರ ಕೆಟ್ಟಿರುತ್ತದೆ, ದಿನದ ಆಯಾಸ ಸೇರಿಕೊಳ್ಳುತ್ತದೆ, ಮಬ್ಬು ಬೆಳಕಿನಲ್ಲಿ ನೆರಳುಗಳು ಏನೇನೋ ಆಗಿ ಕಾಣುತ್ತವೆ. ಅಪ್ಪನಿಗೆ ಐದೂವರೆಗೆ ಶುರುವಾಗುತ್ತಿತ್ತು. ಹಾಸಿಗೆಯ ಕೆಳಗೆ ಚರ್ಮದ ಚೀಲ ಹುಡುಕುವುದು, ಗೇಟಿನ ಬಳಿ ನಿಲ್ಲುವುದು, ‘ಕ್ಯಾಶ್ ಕಟ್ಟಬೇಕು, ಕೌಂಟರ್ ಮುಚ್ಚಿಬಿಡ್ತಾರೆ, ಬಿಡ್ರೋ’ ಎಂದು ಕೂಗಾಡುವುದು. ಯಾವ ಡಿಪೊ, ಯಾವ ಕ್ಯಾಶ್, ನೀವು ರಿಟೈರಾಗಿ ಇಪ್ಪತ್ತು ವರ್ಷವಾಯಿತು ಎಂದು ತಿಳಿಹೇಳಲು ಹೋದವರಿಗೆ ಬೈಗುಳ, ಒಮ್ಮೆ ಏಟು ಸಹ ಬಿತ್ತು.

ಹಗಲು ಪಾಳಿಯಲ್ಲಿ ಕೊಪ್ಪಳದ ಕಡೆಯ, ಇಪ್ಪತ್ತನಾಲ್ಕರ ಆಸುಪಾಸಿನ ಒಬ್ಬ ಹುಡುಗನಿದ್ದ. ಒಂದು ಮಧ್ಯಾಹ್ನ ನನಗೆ ಫೋನ್ ಮಾಡಿ, ‘ಅಕ್ಕಾರ, ವೇಬಿಲ್ ಅಂದ್ರ ಏನ್ರಿ? ಸಾರ್ ದಿನಾ ಅದನ್ನ ಕೇಳ್ತಾರ’ ಎಂದ. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಯಂತ್ರ ಬರುವುದಕ್ಕೆ ಮೊದಲು ಕಂಡಕ್ಟರ್‌ಗಳಿಗೆ ಬೇರೆ ಬೇರೆ ದರದ ಟಿಕೆಟ್ ಕಟ್ಟುಗಳನ್ನು ಕೊಡುತ್ತಿದ್ದರು; ಹೊರಡುವಾಗ ಪ್ರತಿ ಕಟ್ಟಿನ ಮೊದಲ ನಂಬರನ್ನು, ಆಮೇಲೆ ಹಂತ ಹಂತಕ್ಕೂ ಯಾವ ನಂಬರಿನವರೆಗೆ ಹರಿದಿದೆ ಎಂಬುದನ್ನು ಒಂದು ಉದ್ದನೆಯ ಹಾಳೆಯಲ್ಲಿ ಬರೆಯುತ್ತಾ ಹೋಗಬೇಕು; ಡ್ಯೂಟಿ ಮುಗಿದ ಮೇಲೆ ಹಾಳೆಗೂ ಚೀಲದ ಹಣಕ್ಕೂ ತಾಳೆಯಾಗಬೇಕು, ಕಡಿಮೆ ಬಿದ್ದರೆ ಸಂಬಳದಿಂದ ಹೋಗುತ್ತದೆ. ಆ ಹಾಳೆಯೇ ವೇಬಿಲ್. ಅದನ್ನು ಮುಗಿಸಿ ಹಣ ಒಪ್ಪಿಸದ ಹೊರತು ಅಪ್ಪನಿಗೆ ದಿನ ಮುಗಿಯುತ್ತಿರಲಿಲ್ಲ.

ಎರಡು ದಿನ ಬಿಟ್ಟು ನಾನು ಹೋದಾಗ ಊಟದ ಮೇಜಿನ ಮೇಲೆ ಉದ್ದ ನೋಟ್‌ಬುಕ್ಕಿನ ಒಂದು ಹಾಳೆ ಇತ್ತು. ಸ್ಕೇಲಿನಿಂದ ಗೆರೆ ಹಾಕಿ ಕಾಲಂ ಮಾಡಿದ್ದ, ಎಡಕ್ಕೆ ಊರುಗಳ ಹೆಸರು. ಹಳೆಯ ಕ್ಯಾಲೆಂಡರನ್ನು ಬೆರಳಗಲದ ಚೀಟಿಗಳಾಗಿ ಕತ್ತರಿಸಿ ದಾರದಿಂದ ಕಟ್ಟಿದ್ದ. ಅಪ್ಪ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅಂಕಿಗಳನ್ನು ತುಂಬುತ್ತಿದ್ದರು. ಅಂಕಿಗಳಿಗೆ ಹಿಂದು ಮುಂದಿಲ್ಲ, 47ರ ಕೆಳಗೆ 12, ಅದರ ಕೆಳಗೆ ಮತ್ತೆ 47. ಆದರೆ ಕೈಬರಹ ಮಾತ್ರ ನಾನು ಚಿಕ್ಕಂದಿನಲ್ಲಿ ನೋಡಿದ ಅದೇ ನೆಟ್ಟನೆಯ ಬರಹ, ಒಂದಂಕಿಯೂ ಗೆರೆ ದಾಟಿಲ್ಲ. ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಹಿರಿಯರಿಗೆ ಒಂದು ಚೀಟಿ ಹರಿದು, ಅದರ ಹಿಂದೆ 2-50 ಎಂದು ಬರೆದುಕೊಟ್ಟು, ‘ಚಿಲ್ಲರೆ ಇಲ್ಲ, ಇಳಿಯುವಾಗ ಕೇಳಿ ಇಸ್ಕೊಳ್ಳಿ’ ಎಂದರು. ಅವರು ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಏಳಕ್ಕೆ ಹತ್ತು ನಿಮಿಷವಿರುವಾಗ ಹುಡುಗ ಮೇಜಿನ ಆಚೆ ಬದಿಗೆ ಹೋಗಿ ಕುಳಿತು, ಚೀಟಿಗಳನ್ನು ಎಣಿಸಿ, ಹಾಳೆಯ ಬುಡದಲ್ಲಿ ಸಹಿ ಮಾಡಿದ. ‘ಟೈಮ್ ಹಾಕು’ ಎಂದರು ಅಪ್ಪ. ಅವನು 18-50 ಎಂದು ಹಾಕಿದ. ಆ ರಾತ್ರಿ ಅವರು ಊಟ ಮಾಡಿ ಎಂಟೂವರೆಗೆ ಮಲಗಿದರು, ಹಾಗೆಯೇ ಮುಂದಿನ ಐದು ತಿಂಗಳು ಕೂಡ.

ಇತ್ತೀಚಿನ ಸಂಗತಿಗಳನ್ನು ಹಿಡಿದಿಡುವ ಮಿದುಳಿನ ಭಾಗ ಈ ಕಾಯಿಲೆಯಲ್ಲಿ ಮೊದಲೇ ಕೆಡುತ್ತದೆ, ಆದರೆ ಕೈಗೆ ರೂಢಿಯಾದ ಕೆಲಸಗಳ ನೆನಪು ಬೇರೆ ಕಡೆ ಇದ್ದು ಬಹಳ ಕಾಲ ಉಳಿಯುತ್ತದೆ ಎಂದು ಅಲ್ಲಿನ ಮನಶ್ಶಾಸ್ತ್ರಜ್ಞೆ ವಿವರಿಸಿದರು. ನನ್ನ ತಮ್ಮನಿಗೆ ಮಾತ್ರ ಇದು ಸರಿಬರಲಿಲ್ಲ. ಅಪ್ಪನನ್ನು ಆಟವಾಡಿಸಿದಂತಲ್ಲವೇ, ಇಲ್ಲದ ಡಿಪೊ ಇದೆಯೆಂದು ನಂಬಿಸುವುದು ಮೋಸವಲ್ಲವೇ ಎಂದು ಕೇಳಿದ. ಕಿಟ್‌ವುಡ್ ಅವರ ಪಟ್ಟಿಯಲ್ಲಿ ವಂಚನೆಯೂ ಇರುವುದರಿಂದ ಪ್ರಶ್ನೆ ಸಣ್ಣದಲ್ಲ, ಮತ್ತು ಈ ಕ್ಷೇತ್ರದವರಲ್ಲಿಯೂ ಇದರ ಬಗ್ಗೆ ಒಮ್ಮತವಿಲ್ಲ. ನನ್ನ ಮಟ್ಟಿಗೆ ವ್ಯತ್ಯಾಸ ಇಲ್ಲಿದೆ: ಹುಡುಗ ಅಪ್ಪನಿಗೆ ಡಿಪೊ ಇದೆಯೆಂದು ಒಂದು ದಿನವೂ ಹೇಳಿದ್ದನ್ನು ನಾನು ಕೇಳಿಲ್ಲ. ಅವರು ಬರೆದದ್ದನ್ನು ಅವನು ಎಣಿಸಿ ತೆಗೆದುಕೊಂಡ, ಅಷ್ಟೇ. ಅಪ್ಪನಿಗೆ ಬೇಕಾಗಿದ್ದುದೂ ತಮ್ಮ ಲೆಕ್ಕ ಚೊಕ್ಕವಾಗಿದೆಯೆಂದು ಒಬ್ಬರು ಒಪ್ಪಿಕೊಳ್ಳುವುದೇ ಆಗಿತ್ತು.

ಎಂಟನೆಯ ತಿಂಗಳಲ್ಲಿ ಹುಡುಗ ಕೆಲಸ ಬಿಟ್ಟ. ಅವನಿಗೆ ಇಲ್ಲಿ 16,000 ಸಂಬಳ. ಬೇರೆ ಕಡೆ ನಾಲ್ಕು ಸಾವಿರ ಹೆಚ್ಚು ಸಿಕ್ಕಿತು. ಅವನನ್ನು ದೂರುವಂತಿಲ್ಲ. ಆದರೆ ಹತ್ತು ದಿನಗಳ ಒಳಗೆ ನನಗೆ ಕೇಂದ್ರದಿಂದ ಕರೆ ಬಂತು: ಸಂಜೆ ಉದ್ರೇಕ ಹೆಚ್ಚಾಗಿದೆ, ಬಾಗಿಲು ಬಡಿಯುತ್ತಾರೆ, ವಾರಕ್ಕೆರಡು ಸಲ ಬಂದುಹೋಗುವ ವೈದ್ಯರು ಕ್ವೆಟಿಯಾಪಿನ್ ಎಂಬ, ಮನೋವಿಕಾರಗಳಿಗೆ ಕೊಡುವ ಔಷಧ ಶುರುಮಾಡೋಣ ಎನ್ನುತ್ತಿದ್ದಾರೆ, ನಿಮ್ಮ ಒಪ್ಪಿಗೆ ಬೇಕು. ಈ ಗುಂಪಿನ ಔಷಧಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ತನ್ನ ಅತ್ಯಂತ ಕಟುವಾದ ಎಚ್ಚರಿಕೆ, ಹೊರಡಿಸಿದೆ. ಡಿಮೆನ್ಷಿಯಾ ಇರುವ ವೃದ್ಧರ ಮೇಲೆ ನಡೆದ 17 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಔಷಧ ಪಡೆದವರಲ್ಲಿ ಸುಮಾರು ಶೇ. 4.5ರಷ್ಟು, ಔಷಧವಿಲ್ಲದ ಸುಳ್ಳುಗುಳಿಗೆ ಪಡೆದವರಲ್ಲಿ ಸುಮಾರು ಶೇ. 2.6ರಷ್ಟು ಮಂದಿ ತೀರಿಕೊಂಡಿದ್ದರು. ಬೇರೆ ದಾರಿಯೇ ಇಲ್ಲದಾಗ, ಅಪಾಯವಿದ್ದಾಗ, ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ಕಾಲಕ್ಕೆ ಕೊಡುವುದುಂಟು ಎಂಬುದು ನನಗೆ ಗೊತ್ತಿದೆ, ಆದ್ದರಿಂದ ವೈದ್ಯರ ಮಾತನ್ನು ಸಾರಾಸಗಟಾಗಿ ತಳ್ಳಿಹಾಕಲಿಲ್ಲ. ವೇಬಿಲ್ ಏನಾಯಿತು ಎಂದು ಕೇಳಿದೆ. ಆಚೆ ಕಡೆಯವರಿಗೆ ಆ ಪದವೇ ಗೊತ್ತಿರಲಿಲ್ಲ.

ಮರುದಿನ ಹೋಗಿ ಕಡತ ತೆಗೆಸಿ ನೋಡಿದೆ. ಹನ್ನೊಂದು ಪುಟಗಳ ನಮ್ಮ ಅರ್ಜಿ ಹಾಗೆಯೇ ಇತ್ತು. ಅದರ ಮೇಲೆ ಅವರು ತಯಾರಿಸಿದ ‘ವ್ಯಕ್ತಿಗತ ಆರೈಕೆ ಯೋಜನೆ’ಯಲ್ಲಿ ಆಸಕ್ತಿಗಳು ಎಂಬಲ್ಲಿ ‘ಬಸ್ ಪ್ರಯಾಣ, ಹಳೆಯ ಚಿತ್ರಗೀತೆ’ ಎಂದಿತ್ತು. ಐದು ತಿಂಗಳು ದಿನವೂ ನಡೆದ, ಅಪ್ಪನನ್ನು ಔಷಧವಿಲ್ಲದೆ ಮಲಗಿಸಿದ ಆ ಒಂದು ಹಾಳೆಯ ಸುದ್ದಿ ಎಲ್ಲಿಯೂ ಇರಲಿಲ್ಲ; ಅದು ಪೂರ್ತಿಯಾಗಿ ಹುಡುಗನ ತಲೆಯಲ್ಲಿತ್ತು, ಅವನ ಜೊತೆಗೆ ಹೋಯಿತು. ಹೊಸದಾಗಿ ಬಂದ ಅಟೆಂಡರ್ ಯೋಜನೆಯನ್ನು ಓದಿದವನೇ. ಬಸ್ ಪ್ರಯಾಣ ಇಷ್ಟವೆಂದು ಇದ್ದುದರಿಂದ ಸಂಜೆ ಆರಕ್ಕೆ ಟ್ಯಾಬ್‌ನಲ್ಲಿ ಘಾಟಿ ರಸ್ತೆಯ ಬಸ್ ವಿಡಿಯೊ ಹಾಕಿ ಕೂರಿಸುತ್ತಿದ್ದ. ಅಪ್ಪ ನೋಡುವುದೇನು? ತಮ್ಮ ಬಸ್ಸು ಕಂಡಕ್ಟರ್ ಇಲ್ಲದೆ ಹೊರಟುಬಿಟ್ಟಿದೆ. ‘ಹೋಲ್ಡಾನ್, ಹೋಲ್ಡಾನ್’ ಎಂದು ಕೂಗುತ್ತಾ ಬಾಗಿಲು ಬಡಿಯುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲಿ ಕೇಂದ್ರದ ನರ್ಸ್ ಇನ್‌ಚಾರ್ಜ್ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಅವರು ತಮ್ಮವರನ್ನು ಸಮರ್ಥಿಸಿಕೊಳ್ಳಲು ಹೋಗಲಿಲ್ಲ. ಮೊದಲು ನೋವು, ಮಲಬದ್ಧತೆ, ಮೂತ್ರದ ಸೋಂಕು ಇವೆಯೇ ಎಂದು ಪರೀಕ್ಷಿಸಿದರು, ಏಕೆಂದರೆ ಹೇಳಿಕೊಳ್ಳಲಾಗದವರ ಸಂಕಟ ಹೀಗೆಯೇ ಹೊರಬೀಳುತ್ತದೆ. ನಾಲ್ಕು ದಿನಗಳ ಮಲಬದ್ಧತೆ ಇದ್ದದ್ದು ಆಗ ತಿಳಿಯಿತು. ಕ್ವೆಟಿಯಾಪಿನ್ ಮಾತನ್ನು ಎರಡು ವಾರ ಮುಂದೂಡಿದರು. ಆಮೇಲೆ, ‘ಮೇಡಂ, ನೀವು ಯಾವಾಗಲೂ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೀರಿ, ಒಂದು ದಿನ ಸಂಜೆ ಏಳಕ್ಕೆ ಬಂದು ನೋಡಿ’ ಎಂದರು.

ಹೋಗಿ ನೋಡಿದೆ. ಪಾಳಿ ಬದಲಾಗುವುದು ಬೆಳಿಗ್ಗೆ ಏಳಕ್ಕೆ ಮತ್ತು ಸಂಜೆ ಏಳಕ್ಕೆ. ಸಂಜೆ ಏಳೆಂದರೆ ಇಡೀ ಮನೆ ಅತ್ಯಂತ ತಳಮಳದಲ್ಲಿರುವ ಹೊತ್ತು, ಸರಿಯಾಗಿ ಆಗಲೇ ಹಗಲಿನವರು ಬ್ಯಾಗು ಹೆಗಲಿಗೇರಿಸುತ್ತಾರೆ. ಹೋಗುವವರು ಬರುವವರಿಗೆ 32 ಮಂದಿಯ ವರದಿಯನ್ನು ಹನ್ನೆರಡು ನಿಮಿಷಗಳಲ್ಲಿ ಒಪ್ಪಿಸಿದರು: ಊಟ ಮಾಡಿದರು, ಮೂತ್ರವಾಯಿತು, ಮಾತ್ರೆ ಕೊಟ್ಟಾಯಿತು, ಬಿಪಿ ಇಷ್ಟು. ಒಬ್ಬರಿಗೆ ಇಪ್ಪತ್ತೆರಡು ಸೆಕೆಂಡು. ಆ ಇಪ್ಪತ್ತೆರಡು ಸೆಕೆಂಡಿನಲ್ಲಿ ವೇಬಿಲ್‌ಗೆ ಜಾಗವಿರಲಿಲ್ಲ. ಹನ್ನೊಂದು ಪುಟಗಳನ್ನು ಬರೆಸಿಕೊಂಡ ಸಂಸ್ಥೆಯಲ್ಲಿ ಅದನ್ನು ಓದುವ ಹೊತ್ತನ್ನು ಯಾರ ಪಾಳಿಯಲ್ಲಿಯೂ ಇಟ್ಟಿರಲಿಲ್ಲ. ಈ ಒಂದು ಲೋಪವೇ ನನ್ನ ಮುಖ್ಯ ದೂರು, ಮತ್ತು ಉಳಿದ ಬಹಳಷ್ಟು ತೊಂದರೆಗಳು ಇದರಿಂದಲೇ ಹುಟ್ಟಿದವು.

ಬದಲಾವಣೆಗೆ ಮೂರು ವಾರ ಹಿಡಿಯಿತು. ಈಗ ಅಪ್ಪನ ಬೀರುವಿನ ಬಾಗಿಲಿನ ಒಳಬದಿಗೆ ಐದು ಸಾಲುಗಳ ಒಂದು ಹಾಳೆ ಅಂಟಿಸಿದ್ದಾರೆ. ನಾಲ್ಕಕ್ಕೆ ಏಳುತ್ತಾರೆ, ಮಲಗಿಸಬೇಡಿ, ಅರ್ಧ ಕಾಫಿ. ಕಂಡಕ್ಟರ್ ಸಾರ್ ಎನ್ನಿ. ಬಲಗಿವಿಗೆ ಕೇಳಿಸುವುದಿಲ್ಲ. ಸಂಜೆ ಆರಕ್ಕೆ ಹಾಳೆ ಮತ್ತು ಚೀಟಿಗಳು, ಕೆಳಗಿನ ಡ್ರಾಯರಿನಲ್ಲಿ. ಎಣಿಸಿ, ಸಹಿ ಮಾಡಿ, ಟೈಮ್ ಹಾಕಿ. ಹಿಂದಿ ಬಲ್ಲವರಿಗಾಗಿ ಅದರ ಪಕ್ಕದಲ್ಲಿ ಹಿಂದಿಯಲ್ಲಿಯೂ ಬರೆದಿದ್ದಾರೆ. ಇದನ್ನು ನೋಡಿ ಬೇರೆ ಕೆಲವು ಮನೆಯವರೂ ಹಾಳೆ ಬರೆಸಿದ್ದಾರೆ. ಎಲ್ಲ ಕೋಣೆಗಳಿಗೂ ಮಾಡಿ ಎಂದು ನಾನು ಕೇಳಿದ್ದಕ್ಕೆ ‘ಮಾಡೋಣ’ ಎಂದಿದ್ದಾರೆ, ಇನ್ನೂ ಅರ್ಧದಷ್ಟೂ ಆಗಿಲ್ಲ.

ಇಂಥ ಸಣ್ಣ ಸಂಗತಿಗಳಿಂದ ಏನಾದೀತು ಎನ್ನುವವರಿಗೆ ಒಂದು ಪ್ರಯೋಗದ ವಿಷಯ ಹೇಳಬೇಕು. ಬ್ರಿಟನ್ನಿನ 69 ಆರೈಕೆಗೃಹಗಳಲ್ಲಿ, 800ಕ್ಕೂ ಹೆಚ್ಚು ನಿವಾಸಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ವ್ಯಕ್ತಿಗೆ ತಕ್ಕ ಆರೈಕೆಯ ತರಬೇತಿಯನ್ನು ಸಿಬ್ಬಂದಿಗೆ ಕೊಟ್ಟು, ನಿವಾಸಿಗಳೊಡನೆ ಅವರವರ ಆಸಕ್ತಿಗೆ ಹೊಂದುವ ಒಡನಾಟಕ್ಕೆ ವಾರದಲ್ಲಿ ಒಂದು ಗಂಟೆ ತೆಗೆದಿರಿಸುವಂತೆ ಮಾಡಿದ್ದರು. ಒಂಬತ್ತು ತಿಂಗಳಲ್ಲಿ ನಿವಾಸಿಗಳ ಬದುಕಿನ ಗುಣಮಟ್ಟ ಸುಧಾರಿಸಿತು, ಉದ್ರೇಕ ತಗ್ಗಿತು. ಅಪ್ಪನ ವೇಬಿಲ್‌ಗೆ ದಿನಕ್ಕೆ ಬೇಕಾಗುವುದು ಮುಕ್ಕಾಲು ಗಂಟೆ, ಅದರಲ್ಲಿ ಸಿಬ್ಬಂದಿ ಜೊತೆಗೆ ಕೂರಬೇಕಾದದ್ದು ಕೊನೆಯ ಹತ್ತು ನಿಮಿಷ ಮಾತ್ರ.

ಭಾಷೆಯ ವಿಷಯವನ್ನು ಕರಪತ್ರಗಳು ಎತ್ತುವುದೇ ಇಲ್ಲ. ಅಪ್ಪನಿಗೆ ಕನ್ನಡ, ಮಂಗಳೂರು ಮಾರ್ಗದಲ್ಲಿ ಕಲಿತ ತುಳು, ಪ್ರಯಾಣಿಕರೊಂದಿಗೆ ಸಾಕಾಗುವಷ್ಟು ಹಿಂದಿ ಬರುತ್ತಿದ್ದವು. ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಳ್ಳುತ್ತದೆ ಎಂದು ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ತೋರಿಸಿದ್ದರು. ಅಪ್ಪನಿಗೂ ಆ ಲಾಭ ಸಿಕ್ಕಿತ್ತೋ ಏನೋ. ಆದರೆ ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರಿದವು. ಹಿಂದಿ ಪೂರ್ತಿ ಹೋಯಿತು, ತುಳುವಿನಲ್ಲಿ ಉಳಿದಿರುವುದು ‘ಓಡೆಗ್?’ ಎಂಬುದೊಂದೇ. ಬೆಂಗಳೂರಿನ ಆರೈಕೆ ಕೇಂದ್ರಗಳಲ್ಲಿ ಕೆಲಸ ಮಾಡುವ ಬಹಳಷ್ಟು ಹುಡುಗ ಹುಡುಗಿಯರು ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದವರು. ಅವರ ಕೈ ಮೃದು, ತಾಳ್ಮೆ ದೊಡ್ಡದು. ಆದರೆ ರಾತ್ರಿ ಎರಡು ಗಂಟೆಗೆ ‘ಒಂದಕ್ಕೆ ಹೋಗ್ಬೇಕು’ ಎಂದರೆ ಏನೆಂದು ಅವರಿಗೆ ತಿಳಿಯದು, ಹಾಗೆ ತಿಳಿಯದೇ ಹೋದ ರಾತ್ರಿಗಳಲ್ಲಿ ಹಾಸಿಗೆ ಒದ್ದೆಯಾಗಿ, ಕಡತದಲ್ಲಿ ‘ಮೂತ್ರದ ಹಿಡಿತ ತಪ್ಪಿದೆ’ ಎಂದು ದಾಖಲಾಗಿ, ಡೈಪರ್ ಶುರುವಾಯಿತು. ಹಿಡಿತ ತಪ್ಪಿದ್ದಕ್ಕಿಂತ ಮೊದಲು ತಪ್ಪಿದ್ದು ಮಾತು ಎಂದು ನಾನು ಈಗಲೂ ನಂಬಿದ್ದೇನೆ. ಆ ದಾಖಲೆಯನ್ನು ತಿದ್ದಿಸಲು ನನ್ನಿಂದ ಆಗಿಲ್ಲ.

ಊಟದ ವಿಷಯದಲ್ಲಿ ನಾನೇ ತಪ್ಪು ತಿಳಿದಿದ್ದೆ. ಮುದ್ದೆ, ಹುರುಳಿಕಾಳಿನ ಬಸ್ಸಾರು ಎಂದು ಅರ್ಜಿಯಲ್ಲಿ ಬರೆದಿದ್ದರೂ ಮುದ್ದೆ ನಿಲ್ಲಿಸಿದರೆಂದು ಜಗಳಕ್ಕೆ ಹೋದೆ. ನುಂಗುವಿಕೆಯನ್ನು ಪರೀಕ್ಷಿಸುವ ತಜ್ಞೆ ನನ್ನ ಎದುರಿಗೇ ಅಪ್ಪನಿಗೆ ಒಂದು ತುತ್ತು ಕೊಟ್ಟು, ಗಂಟಲಿನ ಮೇಲೆ ಬೆರಳಿಟ್ಟು, ನುಂಗು ತಡವಾಗುತ್ತಿರುವುದನ್ನು ತೋರಿಸಿದರು. ಅಗಿಯದೆ ನುಂಗುವ ಅಂಟು ಮುದ್ದೆ ಉಸಿರಿನ ದಾರಿಗೆ ಸಿಕ್ಕಿಕೊಂಡರೆ ಕಷ್ಟ. ಈಗ ಗಟ್ಟಿಯಾದ ರಾಗಿ ಗಂಜಿಗೆ ಬಸ್ಸಾರಿನ ಕಟ್ಟನ್ನು ಬೆರೆಸಿ ಕೊಡುತ್ತಾರೆ. ರುಚಿ ಅದೇ. ಅವರು ಬಟ್ಟಲು ಖಾಲಿ ಮಾಡುತ್ತಾರೆ.

ಹಣದ ಲೆಕ್ಕ ಚುಟುಕಾಗಿ: ಇಬ್ಬರಿರುವ ಕೋಣೆಗೆ ತಿಂಗಳಿಗೆ 62,000, ಮರಳಿಸುವ ಠೇವಣಿ ಒಂದೂವರೆ ಲಕ್ಷ. ಡೈಪರ್, ಔಷಧ, ಆಂಬುಲೆನ್ಸ್, ವಾರಕ್ಕೆ ಎರಡಕ್ಕಿಂತ ಹೆಚ್ಚಿನ ಫಿಸಿಯೊಥೆರಪಿ ಬೇರೆ; ಒಟ್ಟು 70,000 ದಾಟದ ತಿಂಗಳಿಲ್ಲ. ಬಿಲ್ಲು ಸ್ಪಷ್ಟವಾಗಿರುತ್ತದೆ, ಗುಟ್ಟಿನ ಖರ್ಚು ಕಂಡಿಲ್ಲ. ಅಪ್ಪನ ಪಿಂಚಣಿ ಇದರ ಒಂದು ಮೂಲೆಗೂ ಸಾಲದು, ಇಬ್ಬರು ಮಕ್ಕಳು ಸೇರಿ ಕಟ್ಟುತ್ತೇವೆ. ಇಷ್ಟು ಕಟ್ಟಲಾಗದವರೇ ಹೆಚ್ಚು ಎಂಬುದನ್ನು ಬಿಲ್ಲು ಬಂದಾಗಲೆಲ್ಲ ನೆನೆಯುತ್ತೇನೆ. ಕೇರಳದಲ್ಲಿ 1992ರಲ್ಲಿ ಶುರುವಾದ ಆಲ್ಝೈಮರ್ ಆ್ಯಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ, ಬೆಂಗಳೂರಿನಲ್ಲಿ 1998ರಿಂದ ಹಿರಿಯರಿಗಾಗಿ ಕೆಲಸ ಮಾಡುತ್ತಿರುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಕುಟುಂಬದವರಿಗೆ ಸಲಹೆ, ತರಬೇತಿ ಕೊಡುತ್ತವೆ. ನಾನು ಬರೆಯುತ್ತಿರುವ ಕೇಂದ್ರ ಇವೆರಡರಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಕೇಂದ್ರಕ್ಕೆ ಸೇರಿಸುವ ಮೊದಲೇ ಇಂಥವರ ಬಳಿ ಹೋಗಿದ್ದರೆ ಅಮ್ಮನ ಹನ್ನೊಂದು ತಿಂಗಳು ಅಷ್ಟು ಕೆಡುತ್ತಿರಲಿಲ್ಲ ಎನಿಸುತ್ತದೆ.

ಯಾರಾದರೂ ಈ ಕೇಂದ್ರಕ್ಕಾಗಲಿ ಇಂಥ ಇನ್ನೊಂದಕ್ಕಾಗಲಿ ಹೋಗುವವರಿದ್ದರೆ, ಬೆಳಿಗ್ಗೆ ಹನ್ನೊಂದರ ಭೇಟಿಗೆ ಒಪ್ಪಬೇಡಿ. ಪಾಳಿ ಬದಲಾಗುವ ಹೊತ್ತಿಗೆ ಹೋಗಿ ಒಂದು ಮೂಲೆಯಲ್ಲಿ ನಿಲ್ಲಿ. ಯಾರಾದರೂ ಒಬ್ಬ ಅಟೆಂಡರ್‌ನನ್ನು, ಅವನು ನೋಡಿಕೊಳ್ಳುವ ಒಬ್ಬರ ಬಗ್ಗೆ, ಮಾತ್ರೆ ಊಟ ಬಿಟ್ಟು ಬೇರೇನಾದರೂ ಹೇಳು ಎಂದು ಕೇಳಿ. ಹಿಂದಿನ ವರ್ಷ ಎಷ್ಟು ಮಂದಿ ಕೆಲಸ ಬಿಟ್ಟರು ಎಂದು ಆಡಳಿತದವರನ್ನು ಕೇಳಿ. ಅಪ್ಪನನ್ನು ಸೇರಿಸಿ ಒಂದು ವರ್ಷವಾದ ಮೇಲೆ ನಾನು ಇದನ್ನು ಕೇಳಿದೆ, ಹದಿನೆಂಟರಲ್ಲಿ ಹತ್ತು ಎಂದರು.

ಅಪ್ಪನ ವೇಬಿಲ್ ಈಗ ಚಿಕ್ಕದಾಗಿದೆ. ಊರುಗಳ ಹೆಸರನ್ನು ಓದುತ್ತಾರೆ, ಅಂಕಿ ಹಾಕುವುದಿಲ್ಲ. ಚೀಟಿಗಳನ್ನು ಹೆಬ್ಬೆರಳಿನಿಂದ ಸರಸರನೆ ಸರಿಸಿ ಕಟ್ಟನ್ನು ಮುಂದಕ್ಕೆ ನೀಡುತ್ತಾರೆ. ಸಹಿಯಾದ ಮೇಲೆ ಟೈಮ್ ಹಾಕಿದ್ದಾರೆಯೇ ಎಂದು ಮಾತ್ರ ನೋಡಿಯೇ ನೋಡುತ್ತಾರೆ. ಮುಂದಿನ ತಿಂಗಳು ಒಪ್ಪಂದದ ನವೀಕರಣ, ಶುಲ್ಕ ಶೇ. 8ರಷ್ಟು ಏರಲಿದೆಯಂತೆ. ನವೀಕರಿಸುತ್ತೇವೆ. ರಾತ್ರಿ ಪಾಳಿಯಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಇರತಕ್ಕದ್ದು ಎಂಬ ಒಂದು ಸಾಲನ್ನು ಒಪ್ಪಂದಕ್ಕೆ ಸೇರಿಸಿಕೊಡಿ ಎಂದು ಬರೆದುಕೊಟ್ಟು ಮೂರು ವಾರವಾಯಿತು, ಉತ್ತರ ಇನ್ನೂ ಬಂದಿಲ್ಲ.